ಹಳೇ ಜೋಡಿನಳಿಗೆ ಕೋವಿ: ಸೈಡ್‌ಲಾಕೋ, ಬಾಕ್ಸ್‌ಲಾಕೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಾದಾ ಬಾಕ್ಸ್‌ಲಾಕ್‌ಗೆ, ಅಂದರೆ ತೋಟಾ ಸಿಡಿಸುವ ಯಂತ್ರ (ಲಾಕ್) ನಳಿಗೆಯ ಹಿಂದಿನ ಲೋಹದ ಗೂಡಿನೊಳಗೇ ಇರುವ ಕೋವಿಗೆ. ಹೊರಗೆ ಹ್ಯಾಮರ್ (ತೋಟಾ ಸಿಡಿಸಲು ಬಡಿಯುವ ಭಾಗ) ಇರುವ ಕೋವಿ, ಸೈಡ್‌ಲಾಕ್, ಬಾಕ್ಸ್‌ಲಾಕ್ ಮೂರನ್ನೂ ಬಳಸಿ ನೋಡಿಯೇ ಈ ಮಾತು.

ಸೈಡ್‌ಲಾಕ್‌ನಲ್ಲಿ ಹ್ಯಾಮರ್, ಅದನ್ನು ಟ್ರಿಗರ್ ಎಳೆಯುವವರೆಗೆ ಹಿಡಿದಿಡುವ ಸಿಯರ್, ಸ್ಪ್ರಿಂಗ್ ಎಲ್ಲ ಎರಡು ಪಕ್ಕದ ಪ್ಲೇಟುಗಳ ಒಳಮೈಗೆ ಕೂತಿರುತ್ತವೆ. ಅದರ ಆಸೆಗೆ ಬಿದ್ದೇ ನಾನು ಕೈ ಸುಟ್ಟುಕೊಂಡೆ. ಉದ್ದನೆಯ ಪ್ಲೇಟು, ಮೈತುಂಬ ಕೆತ್ತನೆ. ಮಾರಿದವರು ಸೈಡ್‌ಲಾಕ್ ಎಂದರು, ನಾನೂ ಅದರ ಬೆಲೆಯನ್ನೇ ಕೊಟ್ಟೆ. ಎಣ್ಣೆ ಹಾಕೋಣ ಅಂತ ಪ್ಲೇಟು ಬಿಚ್ಚಿದರೆ ಹಿಂದೆ ಬರೀ ಮರ! ಬಾಕ್ಸ್‌ಲಾಕ್ ಕೋವಿಗೆ ಅಂದಕ್ಕೆಂದು ಕೂರಿಸಿದ ಪ್ಲೇಟು ಅದು.

ಬಿಚ್ಚದೆಯೂ ತಿಳಿಯಬಹುದಿತ್ತು. ನಿಜವಾದ ಸೈಡ್‌ಲಾಕ್ ಪ್ಲೇಟಿನ ಮೇಲೆ ಒಳಗಿನ ಭಾಗಗಳನ್ನು ಹಿಡಿದ ಪಿನ್ನುಗಳ ತಲೆ ಸಾಮಾನ್ಯವಾಗಿ ಕಾಣುತ್ತದೆ. ಹ್ಯಾಮರ್ ತಿರುಗುವ ಪಿನ್ನಿನ ತುದಿಯ ಮೇಲೆ ಎಷ್ಟೋ ಕೋವಿಗಳಲ್ಲಿ ಒಂದು ಗೆರೆ ಇರುತ್ತದೆ. ಹ್ಯಾಮರ್ ಕಾಕ್ ಆದಾಗ, ಅಂದರೆ ಹೊಡೆಯಲು ಸಿದ್ಧವಾಗಿ ಹಿಂದೆ ಸರಿದು ನಿಂತಾಗ, ಗೆರೆಯೂ ತಿರುಗುತ್ತದೆ. ನನ್ನದರಲ್ಲಿ ಪ್ಲೇಟು ಹಿಡಿದ ಸ್ಕ್ರೂ ಬಿಟ್ಟರೆ ಏನೂ ಇರಲಿಲ್ಲ.

ಪಿನ್ನುಗಳನ್ನು ಮರೆಮಾಡಿದ ಸೈಡ್‌ಲಾಕ್‌ಗಳೂ ಉಂಟು. ಹಾಗಾಗಿ ಪ್ಲೇಟಿನ ಮುಂದೆ, ಆಕ್ಷನ್ ಬಾಡಿಯ (ನಳಿಗೆಯ ಹಿಂದಿನ ಆ ಲೋಹದ ಗೂಡಿನ) ಕೆಳಭಾಗವನ್ನೂ ನೋಡಬೇಕು. ಅಲ್ಲಿ ಅಡ್ಡಲಾಗಿ ಹಾಯ್ದ ಪಿನ್ನಿನ ತುದಿ ಕಂಡರೆ ಅದು ಬಾಕ್ಸ್‌ಲಾಕ್ ಎನ್ನುವುದಕ್ಕೆ ಒಳ್ಳೆಯ ಸುಳಿವು. ನನ್ನ ಕೋವಿಯಲ್ಲಿ ಅದು ಎದ್ದು ಕಾಣುತ್ತಿತ್ತು. ಕೆತ್ತನೆಯಿಂದ ಕಣ್ಣು ಕೀಳದೆ ಕೂತಿದ್ದೆ. ಎಷ್ಟೋ ದಿನ ಬೇಜಾರಾಗಿತ್ತು.

ಹೊರಗೆ ಹ್ಯಾಮರ್ ಇರುವ ಕೋವಿ ನೋಡಲು ತುಂಬ ಚೆಂದ. ಆದರೆ ಬಹಳ ಹಳೆಯವುಗಳಲ್ಲಿ ಹೊಡೆದ ಹ್ಯಾಮರ್ ಸ್ಟ್ರೈಕರ್ (ತೋಟಾದ ಹಿಂಭಾಗಕ್ಕೆ ತಾಗುವ ಕಡ್ಡಿ) ಮೇಲೇ ಒತ್ತಿ ಕೂತಿರುತ್ತದೆ. ನಳಿಗೆ ಮಡಚುವ ಮೊದಲು ಅದನ್ನು ಅರ್ಧ ಹಿಂದಕ್ಕೆ ಎಳೆಯಬೇಕು. ಆಮೇಲಿನವುಗಳಲ್ಲಿ ಹೊಡೆದ ಹ್ಯಾಮರ್ ತಾನೇ ಹಿಂದೆ ಸರಿಯುತ್ತದೆ.



ಇನ್ನು ನನ್ನ ಬಾಕ್ಸ್‌ಲಾಕ್. ಅದರ ವಿನ್ಯಾಸ 1875ರದು, ಇಂಗ್ಲೆಂಡಿನ ಕೋವಿ ಕಂಪನಿ ವೆಸ್ಟ್ಲಿ ರಿಚರ್ಡ್ಸ್‌ನ ಆನ್ಸನ್ ಮತ್ತು ಡೀಲಿ ಅವರದು. ನಳಿಗೆ ಮಡಚಿ ಕೆಳಗಿಳಿಸಿದಾಗ ಒಳಗಿನ ಹ್ಯಾಮರ್‌ಗಳು ಅದೇ ಬಲದಲ್ಲಿ ಕಾಕ್ ಆಗುತ್ತವೆ. ಬಿಡಿಭಾಗ ಕಡಿಮೆ, ರಿಪೇರಿ ಖರ್ಚೂ ಜಾಸ್ತಿ ಇಲ್ಲ. ಮುರಿದ ಸ್ಪ್ರಿಂಗಿಗಾಗಿ ತಿಂಗಳುಗಟ್ಟಲೆ ಕಾಯುವ ತಾಳ್ಮೆ ನನಗಿಲ್ಲ, ಅಷ್ಟು ದುಡ್ಡೂ ಇಲ್ಲ. ವಾರಕ್ಕೊಮ್ಮೆ ಒರೆಸಿ ಎಣ್ಣೆ ಹಚ್ಚುವ ನನ್ನಂಥವರಿಗೆ ಇದೇ ಸರಿ.

ಯಾವುದೇ ಕೊಂಡರೂ ಹಾರಿಸುವ ಮೊದಲು ಬಲ್ಲವರ ಹತ್ತಿರ ಚೇಂಬರ್, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗದ ಉದ್ದ ಅಳೆಸಿ. ಹಳೆಯ 12 ಬೋರ್ ಕೋವಿಗಳಲ್ಲಿ ಅದು ಎಷ್ಟೋ ಸಲ ಎರಡೂವರೆ ಇಂಚು ಮಾತ್ರ, ಈಗಿನ ಉದ್ದನೆಯ ತೋಟಾ ಹಾಕಿದರೆ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು.

ಆ ಕೆತ್ತನೆಯ ಕೋವಿಯನ್ನು ಬಾಕ್ಸ್‌ಲಾಕ್ ಎಂದು ಬಾಯಿಬಿಟ್ಟು ಹೇಳಿಯೇ ಮಾರಿದೆ. ಬಂದ ದುಡ್ಡಲ್ಲಿ ಪ್ಲೇಟೇ ಇಲ್ಲದ ಬಾಕ್ಸ್‌ಲಾಕ್ ತಂದೆ.