40 ಎಂಎಂ ಸ್ಕೋಪಿಗೆ ಲೋ ರಿಂಗೇ ಸಾಕು: ಮೂರು ಎತ್ತರ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲೋ ರಿಂಗಿಗೆ. ರಿಂಗ್ ಅಂದರೆ ಸ್ಕೋಪನ್ನು, ಅಂದರೆ ಗುರಿ ನೋಡುವ ದುರ್ಬೀನನ್ನು, ಕೋವಿಯ ಮೇಲೆ ಹಿಡಿದಿಡುವ ಬಳೆ. ಲೋ, ಮೀಡಿಯಂ, ಹೈ ಅಂತ ಮೂರು ಎತ್ತರ. ಕೋವಿ .308 ಬೋಲ್ಟ್ ಆಕ್ಷನ್ (ಪ್ರತಿ ಗುಂಡಿಗೂ ಹಿಡಿ ಎತ್ತಿ ಎಳೆಯುವಂಥದ್ದು), ತೆಳು ಬ್ಯಾರೆಲ್. ಸ್ಕೋಪ್ 3-9×40, ಅಂದರೆ ಮೂರರಿಂದ ಒಂಬತ್ತು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 40 ಎಂಎಂ ಇರುವಂಥದ್ದು, ಒಂದಿಂಚಿನ ಟ್ಯೂಬ್. ಜಾಗ ಟೆಕ್ಸಾಸಿನ ಲ್ಯಾನೋ ಕಡೆ, ಜಿಂಕೆ ಸೀಸನ್. ಊರಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದಾಗಿ ಈಗ ಶಿಕಾರಿಯ ಮಾತೇ ಇಲ್ಲವಲ್ಲ, ಹಾಗಾಗಿ ಇದು ಇಲ್ಲಿ ಲೈಸೆನ್ಸ್ ಮಾಡಿಸಿಕೊಂಡಿರುವ ನಮ್ಮವರಿಗೆ.

ಹೈ ರಿಂಗನ್ನು ಬೇಗ ಮುಗಿಸೋಣ. ಯಾವ ಸ್ಕೋಪ್ ಆದರೂ ಕೂರುತ್ತದೆ ಅಂತ ಅಂಗಡಿಯವರು ಕೊಡುತ್ತಾರೆ. ಕೂರುತ್ತದೆ, ನಿಜ. ಆದರೆ ಕೆನ್ನೆ ಸ್ಟಾಕಿನ (ಕೋವಿಯ ಹೆಗಲಿಗೆ ಒತ್ತುವ ಹಿಂಭಾಗ) ಮೇಲೆ ಕೂರುವುದಿಲ್ಲ. ಗದ್ದ ಊರಿ ನೋಡಬೇಕು, ತಲೆ ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತದೆ, ಸ್ಕೋಪಿನ ಅಂಚಲ್ಲಿ ಕರಿ ನೆರಳು ಓಡಾಡುತ್ತದೆ. ಜಿಂಕೆ ಓಕ್ ಮರಗಳ ಸಂದಿಯಿಂದ ಬಂದು ನಿಲ್ಲುವುದೇ ಒಂದು ಗಳಿಗೆ. ಆಗ ಕತ್ತು ಎತ್ತಿ ಇಳಿಸಿ ಹುಡುಕುತ್ತಾ ಕೂರಲು ಆಗುತ್ತಾ? ಸ್ಟಾಕಿಗೆ ಪ್ಯಾಡ್ ಕಟ್ಟಿದರೆ ಸರಿಹೋಗುತ್ತದೆ, ಆದರೆ ಅದಕ್ಕೆ ಬೇರೆ ದುಡ್ಡು.

ಮೀಡಿಯಂ ರಿಂಗ್ ಕೆಟ್ಟದ್ದೇನಲ್ಲ. ತಲೆನೋವು ಆ ಹೆಸರಿನದು. ‘ಮೀಡಿಯಂ’ ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇಲ್ಲ. ನಾನು ಆನ್‌ಲೈನಲ್ಲಿ ತರಿಸಿದ ಮೀಡಿಯಂ ಜೋಡಿ, ಮೊದಲೇ ಇದ್ದ ಇನ್ನೊಂದು ಕಂಪನಿಯ ಹೈ ರಿಂಗಿನಷ್ಟೇ ಎತ್ತರ! ವಾಪಸ್ ಕಳಿಸೋಣ ಅಂದರೆ, ಸ್ಕ್ರೂ ಬಿಗಿದ ಗುರುತಿದೆ, ಆಗಲ್ಲ ಅಂದರು.

ಪೆಟ್ಟಿಗೆ ಮೇಲೆ ಅಂಕಿ ಇದ್ದರೂ ಗೊಂದಲ ತಪ್ಪಿದ್ದಲ್ಲ. ಕೆಲವರು ಬೇಸಿನ (ಕೋವಿಯ ಮೇಲೆ ರಿಂಗ್ ಕೂರುವ ಪಟ್ಟಿ) ಮೇಲ್ಭಾಗದಿಂದ ಟ್ಯೂಬಿನ ನಡುಮಧ್ಯಕ್ಕೆ ಅಳೆಯುತ್ತಾರೆ. ಕೆಲವರು ಟ್ಯೂಬಿನ ತಳಕ್ಕೇ ನಿಲ್ಲಿಸುತ್ತಾರೆ. ಒಂದಿಂಚಿನ ಟ್ಯೂಬಿಗೆ ಇವೆರಡರ ನಡುವೆ ಅರ್ಧ ಇಂಚು, ಅಂದರೆ 12.7 ಎಂಎಂ ವ್ಯತ್ಯಾಸ. 30 ಎಂಎಂ ಟ್ಯೂಬಾದರೆ 15 ಎಂಎಂ. ಒಬ್ಬರ 0.4 ಇಂಚು, ಇನ್ನೊಬ್ಬರ 0.9 ಇಂಚು, ಎರಡೂ ಒಂದೇ ಎತ್ತರ ಇರಬಹುದು! ಎಲ್ಲಿಂದ ಎಲ್ಲಿಗೆ ಅಳೆದಿದ್ದೀರಿ ಅಂತ ಕೇಳದೆ ದುಡ್ಡು ಕೊಡಬೇಡಿ.

ಲೆಕ್ಕ ಸುಲಭ, ಒಂದು ವರ್ನಿಯರ್ ಇದ್ದರೆ ಸಾಕು. ಸ್ಕೋಪಿನ ಮುಂದಿನ ಅಗಲ ಭಾಗವನ್ನು ಹೊರಗಡೆಯಿಂದ ಅಳೆಯಿರಿ. ನನ್ನದು 47 ಎಂಎಂ, ಅರ್ಧ ಅಂದರೆ 23.5. ಬ್ಯಾರೆಲಿಗೆ ತಾಗದಂತೆ 2.5 ಸೇರಿಸಿದರೆ 26. ಬೇಸು ಬ್ಯಾರೆಲಿಗಿಂತ ಎಷ್ಟು ಮೇಲಿದೆಯೋ ಅಷ್ಟು ಕಳೆಯಿರಿ. ನನ್ನ ಕೋವಿಯಲ್ಲಿ ಅದು 6. ಉಳಿದದ್ದು 20 ಎಂಎಂ, ಬೇಸಿನಿಂದ ಟ್ಯೂಬಿನ ಮಧ್ಯಕ್ಕೆ.

ಲೋ ರಿಂಗ್ ಅಷ್ಟರಲ್ಲೇ ಕೂತಿತು. ಖಾಲಿ ಕೋವಿಯನ್ನು ಕಣ್ಣು ಮುಚ್ಚಿ ಹೆಗಲಿಗೆ ಕೊಟ್ಟು, ಕೆನ್ನೆ ಇಟ್ಟು, ಕಣ್ಣು ಬಿಟ್ಟರೆ ಪೂರ್ತಿ ವೃತ್ತ ಕಾಣುತ್ತದೆ. ತಲೆ ಅಲುಗಿಸುವ ಕೆಲಸವೇ ಇಲ್ಲ. ಈ ಪರೀಕ್ಷೆಯನ್ನು ದಪ್ಪ ಜಾಕೆಟ್ ಹಾಕಿಕೊಂಡೇ ಮಾಡಿ, ನವೆಂಬರಿನ ಬೆಳಗಿನ ಚಳಿಯಲ್ಲಿ ಹೆಗಲಿಗೂ ಸ್ಟಾಕಿಗೂ ನಡುವೆ ಅದು ಇದ್ದೇ ಇರುತ್ತದೆ.

ತೊಂದರೆ ಇಲ್ಲದಿಲ್ಲ. ಬೋಲ್ಟ್ ಪೂರ್ತಿ ಎತ್ತಿದಾಗ ಅದರ ಹಿಡಿ ಸ್ಕೋಪಿನ ಹಿಂಭಾಗಕ್ಕೆ ತಾಗುತ್ತದಾ ಅಂತ ನೋಡಲೇಬೇಕು. ನನ್ನದರಲ್ಲಿ ಕೂದಲೆಳೆಯಷ್ಟು ಜಾಗ ಉಳಿಯಿತು. ಮೇಲಕ್ಕೆ ತೆರೆಯುವ ಮುಚ್ಚಳ ಮುಂದುಗಡೆ ಹಿಡಿಸಲಿಲ್ಲ. ಈಗ ಎಲಾಸ್ಟಿಕ್ ಪಟ್ಟಿಯ ಅಗ್ಗದ ಮುಚ್ಚಳ ಹಾಕುತ್ತೇನೆ.

ಸ್ಕೋಪ್ ಕೆಳಗಿದ್ದರೆ ಗುರಿ ತಾನಾಗಿ ಸರಿಹೋಗುತ್ತದೆ ಅನ್ನುವುದು ಮಾತ್ರ ಸುಮ್ನೆ ಮಾತು. 100 ಗಜಕ್ಕೆ ಝೀರೋ ಮಾಡಿಕೊಂಡರೆ, ಅಂದರೆ ಅಷ್ಟು ದೂರದಲ್ಲಿ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ ತಿರುಗಿಸಿಕೊಂಡರೆ, ಅಲ್ಲಿ ಮೂರು ರಿಂಗೂ ಒಂದೇ. 20 ಗಜದಲ್ಲಿ ಹಂದಿ ಎದುರಾದರೆ ಗುಂಡು ಸುಮಾರು ಒಂದಿಂಚು ಕೆಳಗೆ ಬೀಳುತ್ತದೆ. ರಿಂಗ್ ಬದಲಾದರೂ ಅದು ಹೆಚ್ಚೇನೂ ಬದಲಾಗಲ್ಲ.

ನಾನು ಬ್ಲೈಂಡಿನಲ್ಲಿ (ಶಿಕಾರಿಗೆ ಅಡಗಿ ಕೂರುವ ಗೂಡು) ಕೂತು, 150 ಗಜದೊಳಗೆ ಹೊಡೆಯುವವನು. ದೊಡ್ಡ ಸ್ಕೋಪಿಗೆ ಖರ್ಚು ಮಾಡುವ ಮನಸ್ಸಿಲ್ಲ. ನಿಮ್ಮದು 50 ಎಂಎಂ ಆದರೆ ಸುಮಾರು 5 ಎಂಎಂ ಮೇಲೆ ಹೋಗಬೇಕು, ಮೀಡಿಯಂ ತಗೊಳ್ಳಿ. ಏಆರ್-15 ಥರದ ಕೋವಿ ಇಟ್ಟುಕೊಂಡವರಿಗೆ ಈ ಲೆಕ್ಕ ಹೊಂದಲ್ಲ. ಅದರ ಸ್ಟಾಕ್ ಬ್ಯಾರೆಲಿನ ನೇರಕ್ಕೇ ಇರುವುದರಿಂದ ರೈಲಿನಿಂದ (ಸ್ಕೋಪ್ ಕೂರಿಸುವ ಮೇಲಿನ ಪಟ್ಟಿ) ಟ್ಯೂಬಿನ ಮಧ್ಯಕ್ಕೆ ಒಂದೂವರೆ ಇಂಚಿನಷ್ಟು ಎತ್ತರ ಬೇಕೇ ಬೇಕು.