‘2000 ವಾಟ್’ ಪವರ್ ಆಂಪ್ ಅಂತ ಕೊಡ್ತಾರೆ, ಬೇಸ್ ಗಿಟಾರ್‌ನವರು ಹುಷಾರು

ಬೇಸ್ ಗಿಟಾರ್‌ಗೆ ಪವರ್ ಆಂಪ್ (ಸ್ಪೀಕರ್‌ಗೆ ಪವರ್ ಕೊಡುವ ಪೆಟ್ಟಿಗೆ) ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಬೆಂಗಳೂರಿನ ಎಸ್.ಪಿ. ರೋಡ್ ಕಡೆಯ ಒಂದು ಅಂಗಡಿಯಲ್ಲಿ 24,000 ರೂಪಾಯಿ ಎಣಿಸಿ ‘2000 ವಾಟ್’ ಆಂಪ್ ತಂದೆ. ನನ್ನ ಒಂದು ಸ್ಪೀಕರ್ ಬಾಕ್ಸ್‌ಗೆ ಅದರಿಂದ ಸಿಗುತ್ತಿರುವುದು 150 ವಾಟ್ ಕೂಡ ಇಲ್ಲ. ಬರೆಯುವಾಗಲೂ ಮೈ ಉರಿಯುತ್ತಿದೆ.

ನಂದು ಆರ್ಕೆಸ್ಟ್ರಾ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಬಿಡುವಿರಲ್ಲ. ಗಿಟಾರ್ ಸಿಗ್ನಲ್ ಸಿದ್ಧ ಮಾಡುವ ಪ್ರೀಆಂಪ್ ಇದೆ, 8 ಓಮ್‌ನ ಎರಡು ಬಾಕ್ಸ್ ಇವೆ. ಹಳೇ ಪವರ್ ಆಂಪ್ ಕೈಕೊಟ್ಟಿತ್ತು, ಅಷ್ಟೇ. ಬೆನ್ನಿಗೆ ಗಿಟಾರ್ ಬ್ಯಾಗ್ ಹಾಕಿಕೊಂಡೇ ಅಂಗಡಿಗೆ ಹೋಗಿದ್ದೆ. ಈ ಬ್ಯಾಗ್ ವಿಷಯ ನೆನಪಿಟ್ಟುಕೊಳ್ಳಿ.

ಡೆಮೊ ಜೋರಾಗಿಯೇ ಕೊಟ್ಟರು. ಫೋನ್‌ನಿಂದ ಹಾಡು, 18 ಇಂಚಿನ ಎರಡೆರಡು ಸ್ಪೀಕರ್ ಇರುವ ಡಿಜೆ ಬಾಕ್ಸ್. ಶೋಕೇಸ್ ಗಾಜು ಗಡಗಡ ಅಂತು. ‘ನೋಡಿ ಸಾರ್, ವಾಲ್ಯೂಮ್ ಇನ್ನೂ ಅರ್ಧ ಕೂಡ ಇಲ್ಲ’ ಅಂದ ಅಂಗಡಿಯವನು. ಆ ಗುಂಡಿ ಒಳಗೆ ಬರುವ ಸಿಗ್ನಲ್ಲನ್ನು ಹೆಚ್ಚು ಕಡಿಮೆ ಮಾಡುತ್ತೆ, ಅಷ್ಟೇ. ಅದು ಅರ್ಧದಲ್ಲಿದ್ದರೆ ಇನ್ನರ್ಧ ಪವರ್ ಬಾಕಿ ಇದೆ ಅಂತಲ್ಲ. ಆ ಬಾಕ್ಸೇ ಅಂಥದ್ದು, ಸ್ವಲ್ಪ ಪವರ್ ಕೊಟ್ಟರೂ ಕೂಗುತ್ತೆ. ನನ್ನ ಬಾಕ್ಸ್ ಒಂದನ್ನ ತರಲಾ ಅಂತ ಕೇಳಿದ್ದಕ್ಕೆ, ‘ಸುಮ್ನೆ ಯಾಕೆ ಹೊತ್ಕೊಂಡು ಬರ್ತೀರಾ ಸಾರ್. ಎರಡೂ ಬಾಕ್ಸ್ ಒಟ್ಟಿಗೆ ಕೊಡಿ, ಬ್ರಿಡ್ಜ್ ಹಾಕಿ, ಫುಲ್ 2000 ಬರುತ್ತೆ’ ಅಂದ. ಅವನದೇ ಮಾತು. ಅವನೇ ಹೇಳಿದ್ದು. (ಬ್ರಿಡ್ಜ್ ಅಂದರೆ ಆಂಪ್‌ನ ಎರಡು ಚಾನೆಲ್ ಸೇರಿಸಿ ಒಂದೇ ಔಟ್‌ಪುಟ್ ಮಾಡುವುದು.)

ಮಂಡ್ಯ ಕಡೆ ಒಂದು ಗಣೇಶನ ಪೆಂಡಾಲ್. ಅವನು ಹೇಳಿದ ಹಾಗೇ ಬ್ರಿಡ್ಜ್ ಹಾಕಿದ್ದೆ. ಎರಡನೇ ಹಾಡಿನ ಪಲ್ಲವಿಯಲ್ಲೇ ಕೆಂಪು ಲೈಟ್ ಬಂತು, ಬೇಸ್ ಸತ್ತುಹೋಯಿತು. ಸ್ವಲ್ಪ ಹೊತ್ತಿಗೆ ಬಂತು, ಮತ್ತೆ ಹೋಯಿತು. ನಾನು ತಂತಿ ಮೀಟುತ್ತಿದ್ದೇನೆ, ಸದ್ದಿಲ್ಲ. ಕೆಳಗಿಂದ ಕಮಿಟಿಯವರೊಬ್ಬರು ‘ಏನ್ರೀ, ಇವ್ರು ಬರೀ ಆ್ಯಕ್ಟಿಂಗಾ?’ ಅಂತ ಜೋರಾಗಿಯೇ ಕೇಳಿದರು. ಉಳಿದ ಕಾರ್ಯಕ್ರಮಕ್ಕೆ ಕೀಬೋರ್ಡ್‌ನವನೇ ಎಡಗೈಯಲ್ಲಿ ಬೇಸ್ ನುಡಿಸಿದ. ನಾನು ಗಿಟಾರ್ ಹಿಡಿದು ನಿಂತಿದ್ದೆ. ಅವತ್ತಿನ ಪೇಮೆಂಟ್ ತೆಗೆದುಕೊಳ್ಳುವಾಗ ಅವನ ಮುಖ ನೋಡೋಕಾಗಲಿಲ್ಲ.

ನಮ್ಮ ಏರಿಯಾದ ಟೆಕ್ನಿಷಿಯನ್ ಹತ್ತಿರ ಒಯ್ದೆ. ಅವರು ಹಿಂದುಗಡೆ ತಿರುಗಿಸಿದರು. ಸ್ಪೀಕರ್ ಕನೆಕ್ಷನ್ ಪಕ್ಕದಲ್ಲೇ ಅಂಗಡಿಯವರ ವಾರಂಟಿ ಸ್ಟಿಕ್ಕರ್ ಅಂಟಿಸಿತ್ತು. ಅದರ ಅಂಚಿನಿಂದ ಅರ್ಧ ಅಕ್ಷರ ಕಾಣುತ್ತಿತ್ತು. ಉಗುರಿನಿಂದ ಎಬ್ಬಿಸಿದರೆ ಕೆಳಗೆ ಪ್ರಿಂಟ್ ಆಗಿದೆ: ಬ್ರಿಡ್ಜ್‌ನಲ್ಲಿ ಕನಿಷ್ಠ 8 ಓಮ್. ನನ್ನ ಎರಡು ಬಾಕ್ಸ್ ಒಂದೇ ಔಟ್‌ಪುಟ್‌ಗೆ ಪ್ಯಾರಲಲ್ ಆದರೆ 4 ಓಮ್! ಬ್ರಿಡ್ಜ್‌ನಲ್ಲಿ ಒಂದೊಂದು ಚಾನೆಲ್‌ಗೆ ಅದು 2 ಓಮ್ ಇದ್ದ ಹಾಗೆ. ಓಮ್ ಕಡಿಮೆಯಾದಷ್ಟೂ ಆಂಪ್ ಮೇಲೆ ಹೊರೆ ಜಾಸ್ತಿ. ಕೆಂಪು ಲೈಟ್ ಬರದೆ ಇನ್ನೇನು? ಆಮೇಲೆ ಡಬ್ಬದಲ್ಲಿದ್ದ ಮ್ಯಾನ್ಯುಯಲ್ ಬಿಡಿಸಿದೆವು. 2000 ವಾಟ್ ಅನ್ನುವುದು ಬ್ರಿಡ್ಜ್, 4 ಓಮ್, ಪೀಕ್ (ಕ್ಷಣಮಾತ್ರದ ಗರಿಷ್ಠ). ಅಂದರೆ ಯಾವ ಕನೆಕ್ಷನ್‌ನಲ್ಲಿ 2000 ಬರುತ್ತೆ ಅಂತ ಬರೆದಿದ್ದಾರೋ, ಆ ಕನೆಕ್ಷನ್ ಕೊಡಲೇಬೇಡಿ ಅಂತ ಅದೇ ಪೆಟ್ಟಿಗೆಯ ಬೆನ್ನ ಮೇಲೆ ಬರೆದಿದೆ. ಅದರ ಮೇಲೆ ಸ್ಟಿಕ್ಕರ್!

ಫ್ಯೂಸ್ ನೋಡಿದರೆ 5 ಆಂಪಿಯರ್. 230 ವೋಲ್ಟ್ ಇಂಟು 5, ಒಟ್ಟು 1150. ಗೋಡೆಯಿಂದ ಅಷ್ಟು ಎಳೆಯುವ ಪೆಟ್ಟಿಗೆ ಸತತವಾಗಿ 2000 ಎಲ್ಲಿಂದ ಕೊಡುತ್ತೆ, ಅವರಪ್ಪನ ಮನೆಯಿಂದಾ? 8 ಓಮ್ ಲೋಡ್ ಹಾಕಿ ಅಳೆದರು. ಸ್ಕೋಪ್‌ನಲ್ಲಿ (ಸಿಗ್ನಲ್‌ನ ಅಲೆ ತೋರಿಸುವ ಯಂತ್ರ) ಅಲೆಯ ತಲೆ ಚಪ್ಪಟೆಯಾಗೋ, ಅಂದರೆ ಸದ್ದು ಒಡೆಯೋ ಹೊತ್ತಿಗೆ ಮೀಟರ್‌ನಲ್ಲಿ 34 ವೋಲ್ಟ್. 34 ಇಂಟು 34, ಭಾಗಿಸು 8. ಚಾನೆಲ್‌ಗೆ 144 ವಾಟ್, ಅಷ್ಟೇ ಸ್ವಾಮಿ.

ಈಗ ಅಂಗಡಿಯವನ ಉತ್ತರಗಳನ್ನು ಕೇಳಿ. ಮೊದಲು, ‘ಜನರೇಟರ್ ವೋಲ್ಟೇಜ್ ಡೌನ್ ಇರುತ್ತೆ ಸಾರ್.’ ಆಮೇಲೆ, ‘ನಿಮ್ಮ ಬಾಕ್ಸೇ ಸರಿ ಇಲ್ಲ.’ ಅಳೆದ ಫೋಟೊ ಕಳಿಸಿದೆ. ‘ಎಲ್ಲಾ ಕಂಪನಿನೂ ಹಂಗೇ ಬರೆಯೋದು.’ ಸ್ಟಿಕ್ಕರ್ ವಿಷಯ ಎತ್ತಿದರೆ, ‘ಸ್ಟಿಕ್ಕರ್ ಕಿತ್ತಿದ್ದೀರಾ, ವಾರಂಟಿ ಹೋಯ್ತು.’ ಕೊನೆಗೆ ಬಂದಿದ್ದು ಇದು: ‘ನೀವು ಬೇಸ್ ಗಿಟಾರ್‌ಗೆ ಅಂತ ಹೇಳಲೇ ಇಲ್ಲ ಸಾರ್, ಡಿಜೆಗೆ ಅಂದ್ಕೊಂಡೆ.’ ಬೆನ್ನ ಮೇಲೆ ಗಿಟಾರ್ ಇತ್ತು! ಕೌಂಟರ್‌ಗೆ ಒರಗಿಸಿಟ್ಟಾಗ ‘ಬೀಳುತ್ತೆ ಸಾರ್’ ಅಂತ ಹಿಡಿದುಕೊಂಡವನೇ ಅವನು. ಅಷ್ಟು ಹೇಳಿದ ಮೇಲೂ ಒಂದು ಮೆಸೇಜು: ‘9 ಸಾವಿರ ಹಾಕಿ, 3000 ವಾಟ್ ಮಾಡೆಲ್ ಕೊಡ್ತೀನಿ.’

ಪಕ್ಕಾ ಬಿಲ್ ವಾಟ್ಸಾಪ್ ಮಾಡ್ತೀನಿ ಅಂದಿದ್ದ, ಇನ್ನೂ ಬಂದಿಲ್ಲ. ಕೈಯಲ್ಲಿರುವುದು ‘ಎಸ್ಟಿಮೇಟ್’ ಅಂತ ಬರೆದ ಚೀಟಿ. ಅದರ ತಳದಲ್ಲಿ ‘ಮಾರಿದ ಮಾಲು ವಾಪಸ್ ಇಲ್ಲ’. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಬಿಲ್ ಕೊಡದೇ ಇರುವುದೂ ತಪ್ಪು. ದೋಷವಿರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳಲ್ಲ ಅನ್ನುವುದೂ ತಪ್ಪು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಕೊಟ್ಟ ಮೇಲೆ ಅವನ ದನಿ ಸ್ವಲ್ಪ ತಣ್ಣಗಾಗಿದೆ. ‘ಬನ್ನಿ ಸಾರ್, ಟೀ ಕುಡ್ಕೊಂಡು ಮಾತಾಡೋಣ’ ಅಂತಾನೆ. ಟೀ ಬೇಡ, ನನ್ನ ದುಡ್ಡು ಬೇಕು.

ನೀವು ಹೋಗುವವರಿದ್ದರೆ ಮುಂದೆ ದಪ್ಪಗೆ ಬರೆದಿರುವ ನಂಬರ್ ನೋಡಲೇಬೇಡಿ. ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗ 8 ಓಮ್‌ಗೆ ಎಷ್ಟು ಆರ್‌ಎಂಎಸ್ (ಸತತವಾಗಿ ಕೊಡುವ ಪವರ್), 4 ಓಮ್‌ಗೆ ಎಷ್ಟು ಅಂತ ಕೇಳಿ. ಬರೀ 1 ಕಿಲೋಹರ್ಟ್ಸ್‌ನಲ್ಲಿ, ಅಂದರೆ 1000 ಹರ್ಟ್ಸ್‌ನ ಎತ್ತರದ ಸ್ವರದಲ್ಲಿ, ಅಳೆದ ಲೆಕ್ಕ ನಮಗೆ ಸಾಲದು. ನಮ್ಮ ಇ ತಂತಿ 41 ಹರ್ಟ್ಸ್, ಐದು ತಂತಿಯವರ ಬಿ 31. ನಿಮ್ಮ ಬಾಕ್ಸನ್ನೇ ಹೊತ್ತುಕೊಂಡು ಹೋಗಿ, ಆ ಇ ತಂತಿಯನ್ನು ಎಲ್ಲೂ ಒತ್ತದೆ ಖಾಲಿ ನುಡಿಸಿ ನೋಡಿ. ಪ್ರೋಗ್ರಾಂನಲ್ಲಿ ಎಷ್ಟು ಜೋರಾಗಿ ನುಡಿಸುತ್ತೀರೋ ಅಷ್ಟೇ ಜೋರಾಗಿ. ಅವರು ಬೇಡ ಅಂದರೆ ಪಕ್ಕದ ಅಂಗಡಿ ಇದೆ. ಹಿಂದುಗಡೆ ಸ್ಟಿಕ್ಕರ್ ಇದ್ದರೆ ಅದರ ಕೆಳಗೆ ಏನಿದೆ ಅಂತ ದುಡ್ಡು ಕೊಡೋಕೆ ಮೊದಲೇ ಕೇಳಿ.