ಮಲೇರಿಯಾ ರೋಗಾಣುವಿನ ಕೋಶಕೇಂದ್ರ ಒಡೆಯೋದನ್ನು ನೋಡಲು ಯಾವ ಬಣ್ಣ ಒಳ್ಳೆಯದು?

ಮಲೇರಿಯಾ ರೋಗಾಣು ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಕೆಂಪು ರಕ್ತಕಣದೊಳಗೆ ಸುಮಾರು 48 ಗಂಟೆ ಬೆಳೆಯುತ್ತದೆ. ಒಂದಿದ್ದ ಕೋಶಕೇಂದ್ರ ಅಷ್ಟರಲ್ಲಿ ಸಾಮಾನ್ಯವಾಗಿ 16ರಿಂದ 32 ಆಗಿರುತ್ತದೆ. ಕೋಶ ಮಾತ್ರ ಕೊನೆಯವರೆಗೂ ಒಂದೇ. ಇದನ್ನು ನೋಡಲು ಲ್ಯಾಬಿನಲ್ಲಿ ಮೂರು ವಿಧಾನ ಬಳಸಿದ್ದೇನೆ.

ಗೀಮ್ಸಾ ಎಂಬ ಬಣ್ಣ ಅಗ್ಗ, ಬೇಗ ಮುಗಿಯುತ್ತದೆ. ಗಾಜಿನ ಮೇಲೆ ರಕ್ತದ ತೆಳು ಪದರ (ಸ್ಮಿಯರ್) ಎಳೆದು, ಮೆಥನಾಲ್‌ನಲ್ಲಿ ಫಿಕ್ಸ್ ಮಾಡಿ, ಪಿಎಚ್ 7.2ರ ಬಫರ್‌ನಲ್ಲಿ ಬಣ್ಣ ಹಾಕಿದರೆ ಅರ್ಧ ಗಂಟೆಯೊಳಗೆ ಸ್ಲೈಡ್ ಸಿದ್ಧ. ಕೋಶಕೇಂದ್ರ ಕೆಂಪು ನೇರಳೆ, ಸುತ್ತಲಿನ ಕೋಶರಸ ನೀಲಿ. ಆದರೆ ಐದಾರು ಚುಕ್ಕಿ ದಾಟಿದ ಮೇಲೆ ಒಂದರ ಮೇಲೊಂದು ಬೀಳುತ್ತವೆ. ನಡುವೆ ರೋಗಾಣು ಹಿಮೋಗ್ಲೋಬಿನ್ ತಿಂದು ಉಳಿಸಿದ ಕಂದು ಪಿಗ್ಮೆಂಟ್ ಬೇರೆ. ಆಮೇಲಿನ ಎಣಿಕೆಯನ್ನು ನಾನಂತೂ ನಂಬುವುದಿಲ್ಲ.

ಡಿಎನ್‌ಎಗೆ ಅಂಟಿ ಹೊಳೆಯುವ ಹೋಕ್ಸ್ಟ್ ಬಣ್ಣ ಹಾಕಿ ಫ್ಲೋರೆಸೆನ್ಸ್‌ನಲ್ಲಿ ನೋಡಿ, ಕಥೆಯೇ ಬೇರೆ. ಕೆಂಪು ರಕ್ತಕಣದಲ್ಲಿ ಡಿಎನ್‌ಎ ಇಲ್ಲ ಅಲ್ವಾ, ಹಾಗಾಗಿ ಹೊಳೆಯೋದು ರೋಗಾಣು ಮಾತ್ರ. ಈ ಬಣ್ಣ ಡಿಎನ್‌ಎಯ ಎ-ಟಿ ಜೋಡಿಗಳು ಜಾಸ್ತಿ ಇರುವಲ್ಲಿ ಚೆನ್ನಾಗಿ ಹಿಡಿಯುತ್ತದೆ, ಇದರ ಜೀನೋಮಿನಲ್ಲಿ ಅವು ಸುಮಾರು 80%. ಫೋಕಸ್ಸನ್ನು ನಿಧಾನಕ್ಕೆ ಮೇಲೆ ಕೆಳಗೆ ಮಾಡಿದರೆ ಒಂದು ಕೋಶದಲ್ಲಿ 3, ಇನ್ನೊಂದರಲ್ಲಿ 5, ಮತ್ತೊಂದರಲ್ಲಿ 7 ಚುಕ್ಕಿ ಸಿಗುತ್ತವೆ. ಎಲ್ಲ ಕೋಶಕೇಂದ್ರಗಳೂ ಒಟ್ಟಿಗೆ ಒಡೆದಿದ್ದರೆ 2, 4, 8 ಅಂತಲೇ ಇರಬೇಕಿತ್ತು. ಒಂದೇ ಕೋಶರಸದಲ್ಲಿ ಇದ್ದೂ ಒಂದೊಂದೂ ತನ್ನದೇ ವೇಳೆಗೆ ಒಡೆಯುತ್ತದೆ. ನನಗೆ ಈ ರೋಗಾಣುವಿನಲ್ಲಿ ಅತ್ಯಂತ ಬೆರಗಿನ ಸಂಗತಿ ಇದೇ. ಒಂದು ಎಚ್ಚರಿಕೆ: ಜೀವಂತ ಕೋಶಕ್ಕೆ ಬಹಳ ಹೊತ್ತು ಯುವಿ ಬೆಳಕು ಬಿಡಬೇಡಿ, ಅದು ಹಾಳಾಗುತ್ತದೆ.

ಮೂರನೆಯದು ಎಕ್ಸ್‌ಪಾನ್ಷನ್ ಮೈಕ್ರೋಸ್ಕೋಪಿ. ಕೋಶವನ್ನು ಜೆಲ್‌ನಲ್ಲಿ ಕೂರಿಸಿ ನಾಲ್ಕು ಪಟ್ಟಿಗಿಂತ ತುಸು ಹೆಚ್ಚು ಉಬ್ಬಿಸುವುದು. ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟುವ ಆಂಟಿಬಾಡಿ ಹಾಕಿದರೆ, ವರ್ಣತಂತುಗಳನ್ನು ಎಳೆದು ಬೇರ್ಪಡಿಸುವ ಸ್ಪಿಂಡಲ್ ಎಳೆಗಳೇ ಕಾಣುತ್ತವೆ. ನಮ್ಮ ಕೋಶಗಳಲ್ಲಿ ವಿಭಜನೆಯ ಹೊತ್ತಿಗೆ ಕೋಶಕೇಂದ್ರದ ಪೊರೆ ಕರಗುತ್ತದೆ. ಇಲ್ಲಿ ಪೊರೆ ಹಾಗೇ ಇರುತ್ತದೆ, ಎಲ್ಲ ಒಳಗೇ ನಡೆಯುತ್ತದೆ. ಆದರೆ ದಿನಗಟ್ಟಲೆ ಕೆಲಸ, ಉಬ್ಬಿದ ಜೆಲ್ ಎತ್ತುವಾಗ ಹರಿಯುವ ಭಯ ಬೇರೆ.

ಲ್ಯಾಬಿನಲ್ಲಿ ಬೆಳೆಸುತ್ತಿರುವ ಕಲ್ಚರ್ ಹೇಗಿದೆ ಅಂತ ದಿನಾ ನೋಡಲು ಗೀಮ್ಸಾ ಸಾಕು. ವಿಭಜನೆ ಕಲಿಯಲು ಕೂತವರಿಗೆ ಹೋಕ್ಸ್ಟ್ ಅಂತ ಧೈರ್ಯವಾಗಿ ಹೇಳುತ್ತೇನೆ. ಸ್ಪಿಂಡಲ್ ಬಗ್ಗೆಯೇ ಪ್ರಶ್ನೆ ಇದ್ದರೆ ಮಾತ್ರ ಜೆಲ್ ಕಡೆ ಹೋಗಿ. ಯಾವುದನ್ನೇ ಆರಿಸಿದರೂ ಮೊದಲು 5% ಸಾರ್ಬಿಟಾಲ್ ದ್ರಾವಣ ಕೊಟ್ಟು ಉಂಗುರದ ಹಂತದ ಎಳೆಯ ರೋಗಾಣುಗಳನ್ನು ಮಾತ್ರ ಉಳಿಸಿಕೊಳ್ಳಿ, ಅವು ಒಟ್ಟಿಗೆ ಬೆಳೆದು ವಿಭಜನೆಗೆ ಬರುತ್ತವೆ. ಇಲ್ಲದಿದ್ದರೆ ಎಲ್ಲ ವಯಸ್ಸಿನವೂ ಬೆರೆತು, ಒಡೆಯುತ್ತಿರುವವನ್ನು ಹುಡುಕುವುದರಲ್ಲೇ ದಿನ ಕಳೆಯುತ್ತದೆ.